ಅಕ್ಕನ ಮುಖ ಕತ್ತರಿಸಿದ ಚಿತ್ರ

ಬೈಗುಳವನ್ನೆಲ್ಲ ಮರೆತುಬಿಟ್ಟಿದ್ದೇನೆ, ಹೊಗಳಿಕೆಯನ್ನು ಮರೆಯಲಾಗಿಲ್ಲ. ಒಂದು ಫೋಟೋಗೆ ಇಂಟರ್ನೆಟ್ಟಿನಲ್ಲಿ ನನಗೆ ಬಂದ ಹೊಗಳಿಕೆ ಇವತ್ತಿಗೂ ಬಾಯಿಪಾಠ ಇದೆ. ಹೊಗಳಿದವರ ಮೇಲೆ ಅಸಹ್ಯ, ಅದನ್ನು ಬಾಯಿ ಚಪ್ಪರಿಸಿಕೊಂಡು ಓದಿದ ನನ್ನ ಮೇಲೆ ಅದರ ಎರಡರಷ್ಟು ಅಸಹ್ಯ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ನಾಮಕರಣ, ಮದುವೆ, ಹಾರ ಹಾಕುವುದಕ್ಕೆ ಸತ್ತವರ ಫೋಟೋ ದೊಡ್ಡದು ಮಾಡಿಕೊಡುವುದು, ಇಷ್ಟೇ ಕಸುಬು. ಆ ವರ್ಷ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೈಗೆ ಬಂದದ್ದೇ ತಡ, ನಾನು ಬರೀ ಫೋಟೋ ತೆಗೆಯುವವನಲ್ಲ, ಕಲಾವಿದ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಬೇಕರಿಯ ಮೇಲಿನ ಸೈಬರ್ ಸೆಂಟರಿನಲ್ಲಿ ಒಂದು ವೆಬ್‌ಸೈಟು ಗೊತ್ತಾಯಿತು. ಯಾವ ಯಾವ ದೇಶದವರೋ ಅಲ್ಲಿ ಚಿತ್ರ ಹಾಕುತ್ತಿದ್ದರು. ಉಳಿದವರು ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೆಳಗೆ ಅಭಿಪ್ರಾಯ ಬರೆಯುತ್ತಿದ್ದರು. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದ್ದು. ಜೇಬಿನಲ್ಲಿ ಪುಟ್ಟ ಡಿಕ್ಷನರಿ ಇಟ್ಟುಕೊಂಡೇ ಕೂರುತ್ತಿದ್ದೆ.

ಮೊದಲು ಹಾಕಿದ್ದು ಹಂಪಾಪುರದ ಹತ್ತಿರ ಬೆಳಿಗ್ಗೆ ಬಿದ್ದಿದ್ದ ಮಂಜಿನ ಚಿತ್ರ. ಅದಕ್ಕೆ ಸಿಕ್ಕಿದ್ದು ಮೂರು ಅಂಕ. ಒಬ್ಬ ಬರೆದಿದ್ದ: ಕರೆಂಟು ಕಂಬ ಕಣ್ಣಿಗೆ ಚುಚ್ಚುತ್ತದೆ, ಯಾಕೆ ಇಟ್ಟೆ? ನನಗೆ ಮೈಯೆಲ್ಲ ಉರಿದುಹೋಯಿತು. ಕಂಬ ಇರುವ ಊರಲ್ಲಿ ಕಂಬ ಇರುತ್ತದೆ, ಕಿತ್ತು ಬಿಸಾಕಲು ನಾನೇನು ಲೈನ್‌ಮನ್ನೇ? ಕೆ.ಆರ್. ನಗರದ ನಾಲೆಯ ಮೇಲೆ ಎಮ್ಮೆ ಹೋಗುವ ಚಿತ್ರ ಹಾಕಿದೆ. ಎಮ್ಮೆ ಚೌಕಟ್ಟಿನ ನಡುಮಧ್ಯ ಇದೆ, ಹಾಗಿರಬಾರದು ಎಂದರು. ಎಮ್ಮೆಗೆ ಯಾರು ಹೇಳಬೇಕು? ಮನಸ್ಸಿನಲ್ಲೇ ಅವರ ಏಳು ತಲೆಮಾರಿಗೂ ಬೈದುಕೊಂಡು ಮೆಟ್ಟಿಲಿಳಿದೆ. ಆದರೆ ಮುಂದಿನ ಸಲ ಕ್ಯಾಮೆರಾ ಎತ್ತಿದಾಗ ಕಂಬ ತಪ್ಪಿಸಿ ನಿಂತವನೂ ನಾನೇ. ಬೈದದ್ದು ಬಾಯಿ, ಬಗ್ಗಿದ್ದು ಬೆನ್ನು.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಕೀಳುವ ಕಾಲಕ್ಕೂ ಶ್ರಾವಣದ ಮದುವೆಗಳಿಗೂ ಸರಿಯಾಗಿ ಗಂಟು ಬೀಳುತ್ತದೆ. ಹಸಿ ಎಲೆಯನ್ನು ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ದಾರದಿಂದ ಕಟ್ಟುತ್ತಾರೆ. ಆಮೇಲೆ ಆ ಕಡ್ಡಿಗಳು ಬೇಯುವುದಕ್ಕೆ ಬ್ಯಾರನ್ನಿನೊಳಗೆ, ಅಂದರೆ ಬಿಸಿ ಕೊಳವೆ ಹಾಯಿಸಿ ಎಲೆ ಒಣಗಿಸುವ ಮನೆಯೊಳಗೆ, ಏರುತ್ತವೆ. ಎಲೆಯ ಅಂಟು ಕೈಗೆ ಹತ್ತಿ, ಪದರದ ಮೇಲೆ ಪದರ ಕೂತು, ಡಾಂಬರಿನ ಹಾಗೆ ಕಪ್ಪಾಗುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಕಾಯಿ ಟೊಮೆಟೊ ಹಚ್ಚಿ ಉಜ್ಜಿದರೆ ಅರ್ಧ ಹೋಗುತ್ತದೆ, ಉಳಿದರ್ಧ ಗೆರೆಗಳೊಳಗೆ ಉಳಿಯುತ್ತದೆ. ಮುದ್ದೆಯ ಮೊದಲ ತುತ್ತು ಕಹಿಯಾಗುತ್ತದೆಂದು ಅದನ್ನು ನಾಯಿಗೆ ಹಾಕಿ ಆಮೇಲೆ ಉಣ್ಣುವವರಿದ್ದಾರೆ. ಹಾಗಾಗಿ ಆ ಕಾಲದ ಮದುವೆಗಳಲ್ಲಿ ಗ್ರೂಪ್ ಫೋಟೋ ತೆಗೆಯುವ ಮುಂಚೆ ನಾವೆಲ್ಲ ಫೋಟೋಗ್ರಾಫರುಗಳು ಹೇಳುತ್ತಿದ್ದ ಮಾತು ಒಂದೇ: "ಕೈ ಸೆರಗಿನೊಳಕ್ಕೆ ಇಟ್ಕಳ್ರಮ್ಮಾ." ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎಷ್ಟೋ ಜನ ನಾವು ಹೇಳುವ ಮೊದಲೇ ಮುಚ್ಚಿಕೊಂಡಿರುತ್ತಿದ್ದರು. ಮದುವೆ ಗೊತ್ತಾದ ಹುಡುಗಿಗಂತೂ ತಿಂಗಳ ಮೊದಲೇ ಎಲೆ ಮುಟ್ಟಲು ಬಿಡುತ್ತಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಅಕ್ಕನಿಗೆ ಆ ತಿಂಗಳು ಸಿಗಲಿಲ್ಲ. ಗಂಡಿನ ತಾತನಿಗೆ ಸಾಯುವ ಮುಂಚೆ ಮೊಮ್ಮಗನ ಮದುವೆ ನೋಡಬೇಕಿತ್ತು. ಹನ್ನೆರಡು ದಿನದಲ್ಲಿ ಎಲ್ಲ ಮುಗಿಯಿತು. ಧಾರೆ ಎರೆಯುವಾಗ ಕೈ ಮುಚ್ಚುವುದು ಹೇಗೆ? ಬಿಳಿ ಹಾಲಿನ ಕೆಳಗೆ ಅವಳ ಎರಡು ಕಪ್ಪು ಅಂಗೈ. ಗಂಡಿನ ಕಡೆಯ ಹೆಂಗಸರು ಆಲ್ಬಮ್ ನೋಡಿ ಕಿಸಕ್ಕೆಂದರಂತೆ. ಅವಳು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿದವಳು ಮತ್ತೆ ಯಾರಿಗೂ ತೋರಿಸಲಿಲ್ಲ. ಅವಳ ಮನೆಗೆ ಹೋದಾಗೆಲ್ಲ ನನ್ನನ್ನು ಕೇಳುತ್ತಿದ್ದಳು, "ಊರೋರ್ದೆಲ್ಲ ತೆಗೀತೀಯ, ನಂದೊಂದು ಒಳ್ಳೇ ಫೋಟೋ ತೆಗಿಯೋಕಾಗಲ್ವೇನ್ಲಾ? ಮೊಕ ಚೆನ್ನಾಗ್ ಬರ್ಬೇಕು. ನಾನೊಬ್ಳೇ ಇರ್ಬೇಕು." ನಾನು ತೆಗೆಯೋಣ ಬುಡು, ತೆಗೆಯೋಣ ಬುಡು ಎಂದು ವರ್ಷಗಟ್ಟಲೆ ದೂಡಿದ್ದೆ.

ಒಂದು ಭಾನುವಾರ ಬೆಟ್ಟದಪುರದ ಹತ್ತಿರದ ಅವಳ ಊರಿಗೆ ಹೋದೆ. ಚಪ್ಪರದ ಕೆಳಗೆ ಎಲೆ ಕಟ್ಟುತ್ತಾ ಕೂತಿದ್ದಳು. ಕ್ಯಾಮೆರಾ ಕಂಡವಳೇ ಎದ್ದು ಒಳಗೆ ಹೋಗಿ, ಮುಖ ತೊಳೆದು, ಕಾಡಿಗೆ ಹಚ್ಚಿ, ಮಾವಿನಕಾಯಿ ಬಣ್ಣದ ಸೀರೆಯುಟ್ಟು ಬಂದಳು. ಬ್ಯಾರನ್ನಿನ ಬಾಗಿಲ ಬಳಿ ಕೂರಿಸಿದೆ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಾಗಿಲಿಂದ ಬೀಳುತ್ತಿದ್ದ ಬೆಳಕು ನೋಡಿ ನನಗೆ ಆಸೆಯಾಯಿತು.

"ಕೈ ಮಡಿಲ ಮೇಲೆ ಇಟ್ಕೊಳಕ್ಕ" ಎಂದೆ.

"ಕೈ ಬೀಳಾಕಿಲ್ಲ ಅಲ್ವಾ?"

"ಇಲ್ಲ ಕಣಕ್ಕ, ಮೊಕ ಮಾತ್ರ."

ಅವಳು ನಂಬಿದಳು. ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಾಗುವವರೆಗೂ ನನ್ನನ್ನು ಸೊಂಟದ ಮೇಲೆ ಹೊತ್ತೋ ಕೈ ಹಿಡಿದು ನಡೆಸಿಯೋ ಸಾಕಿದವಳು, ನಂಬದೆ ಏನು ಮಾಡುತ್ತಾಳೆ? ಕೈ ಸಡಿಲ ಬಿಟ್ಟು, ಗಲ್ಲ ಸ್ವಲ್ಪ ಎತ್ತಿ, ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. ಅಷ್ಟು ಚೆನ್ನಾಗಿ ಅವಳು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ. ಮುಖ, ಮಡಿಲು, ಕೈ, ಎಲ್ಲ ಬಂತು.

ಚಿತ್ರವನ್ನು ಇದ್ದ ಹಾಗೇ ವೆಬ್‌ಸೈಟಿಗೆ ಹಾಕಿದೆ. ಮೂರು ದಿನಕ್ಕೆ ನಾಲ್ಕು ಅಭಿಪ್ರಾಯ. ಹೆಂಗಸು ಪೋಸು ಕೊಟ್ಟಿದ್ದಾಳೆ ಎಂದ ಒಬ್ಬ. ಸೀರೆಯ ಬಣ್ಣ ಜಾಸ್ತಿ ಎಂದಳು ಒಬ್ಬಳು. ಇನ್ನೊಬ್ಬ, ಅಲ್ಲಿ ಎಲ್ಲರೂ ಗುರು ಎಂದು ಕರೆಯುತ್ತಿದ್ದ ದೊಡ್ಡಮನುಷ್ಯ, ಎರಡು ಸಾಲು ಬರೆದಿದ್ದ: ಮುಖ ಅಡ್ಡಿಯಾಗಿದೆ, ಕಥೆ ಇರುವುದು ಕೈಯಲ್ಲಿ, ಮುಖ ತೆಗೆದು ಕಪ್ಪುಬಿಳುಪು ಮಾಡು.

ಮುಖ ಅಡ್ಡಿಯಂತೆ! ನಮ್ಮಕ್ಕನ ಮುಖ ಇವನಿಗೆ ಅಡ್ಡಿಯಂತೆ! ಎರಡು ದಿನ ಕುದಿದೆ. ಸ್ಟುಡಿಯೋಗೆ ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ. ಮೂರನೆಯ ದಿನ ಸೈಬರ್ ಸೆಂಟರಿಗೆ ಹೋಗಿ, ಕುರ್ಚಿಯಲ್ಲಿ ಕೂತು, ಅಕ್ಕನ ಕತ್ತಿನಿಂದ ಮೇಲಿನದನ್ನು ಕತ್ತರಿಸಿದೆ. ಬಣ್ಣ ತೆಗೆದೆ. ಅದೇ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಜಾಗಕ್ಕೆ ಇದನ್ನು ಹಾಕಿದೆ. ಕೆಳಗೆ ಏನಾದರೂ ಹೆಸರು ಬೇಕಿತ್ತು. ಡಿಕ್ಷನರಿ ತೆಗೆಯುವ ಅಗತ್ಯವೂ ಬೀಳಲಿಲ್ಲ, ಇಂಗ್ಲಿಷಿನಲ್ಲಿ "ಮುದಿ ತಾಯಿಯ ಕೈಗಳು" ಎಂದು ಬರೆದೆ. ಮೂವತ್ತೇಳು ವರ್ಷದವಳ ಕೈ ಎಂದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ನನಗೆ ಆ ಹೊತ್ತಿಗಾಗಲೇ ಗೊತ್ತಾಗಿತ್ತು. ಮರುದಿನ ಎಚ್.ಡಿ. ಕೋಟೆಯಲ್ಲಿ ಒಂದು ಮದುವೆಯಿತ್ತು. ಕ್ಯಾಮೆರಾದ ಕಾರ್ಡು ಚಿಕ್ಕದು, ಜಾಗ ಬೇಕೆಂದು ಅದರಲ್ಲಿದ್ದದ್ದನ್ನೆಲ್ಲ ಅಳಿಸಿದೆ.

ವಾರದೊಳಗೆ ಆ ಚಿತ್ರ ವೆಬ್‌ಸೈಟಿನ ಮೊದಲ ಪುಟಕ್ಕೆ ಬಂತು. ಅಭಿಪ್ರಾಯಗಳು ಒಂದರ ಮೇಲೊಂದು ಬಿದ್ದವು, ಜೇನು ಕಿತ್ತ ಮೇಲೆ ಇರುವೆ ಮುತ್ತಿದ ಹಾಗೆ. ಭಾರತದ ಮಣ್ಣು ಈ ಕೈಯಲ್ಲಿದೆ ಎಂದು ಬರೆದಳು ಒಬ್ಬಳು. ಅಮ್ಮಾ ತಾಯೀ, ಅದು ಮಣ್ಣಲ್ಲ, ತಂಬಾಕಿನ ಅಂಟು, ಮೂಸಿದರೆ ವಾಂತಿ ಬರುತ್ತದೆ. ಬಡತನದ ಘನತೆ ಎಂದ ಇನ್ನೊಬ್ಬ. ಎಂಬತ್ತು ವರ್ಷದ ದುಡಿಮೆ ಒಂದೊಂದು ಗೆರೆಯಲ್ಲೂ ಕಾಣುತ್ತದೆ ಎಂದವನೊಬ್ಬ. ಈ ಮುದುಕಿಯ ಕೈಯನ್ನು ಮುಟ್ಟಿ ನಮಸ್ಕರಿಸಬೇಕು ಅನ್ನಿಸುತ್ತದೆ ಎಂದು ಬರೆದವರು ಮೂವರು. ಬೆಂಗಳೂರಿನ ಕ್ಯಾಮೆರಾ ಸಂಘದವನೊಬ್ಬ ನನಗೇ ಪತ್ರ ಹಾಕಿದ. ಎಂಟು ಜನ ಬರುತ್ತೇವೆ, ಜಾಗ ಎಲ್ಲಿ, ಅಜ್ಜಿ ಇನ್ನೂ ಇದ್ದಾರಾ ಎಂದು ಕೇಳಿದ್ದ.

ಇದಕ್ಕೆ ನಾನು ಉಗಿಯಬೇಕಿತ್ತು. ಉಗಿಯಲಿಲ್ಲ. ಒಬ್ಬೊಬ್ಬರಿಗೂ ಧನ್ಯವಾದ ಹೇಳಿದೆ. ಬೆಂಗಳೂರಿನವನಿಗೆ ಬಸ್ಸಿನ ದಾರಿಯನ್ನೂ ಬರೆದೆ, ಅವನು ಬರಲಿಲ್ಲ ಅಷ್ಟೇ. ಗುರು ಎನಿಸಿಕೊಂಡವನು ಈಗ ಹತ್ತಕ್ಕೆ ಹತ್ತು ಕೊಟ್ಟು, ನೀನು ಕಲಿಯುತ್ತಿದ್ದೀಯ ಎಂದು ಬೆನ್ನು ತಟ್ಟಿದ. ಕಲಿತದ್ದು ಏನು? ಕತ್ತು ಕೊಯ್ಯುವುದನ್ನು. ದಿನಕ್ಕೆ ಎರಡು ಸಲ ಸ್ಟುಡಿಯೋ ಬಾಗಿಲು ಹಾಕಿ ಬೇಕರಿಯ ಮೆಟ್ಟಿಲು ಹತ್ತುತ್ತಿದ್ದೆ. ಹೊಸ ಹೊಗಳಿಕೆ ಇಲ್ಲದ ದಿನ ಊಟ ಸೇರುತ್ತಿರಲಿಲ್ಲ. ಕೊನೆಗೆ ಅದನ್ನು ಎರಡಡಿ ಅಗಲಕ್ಕೆ ಪ್ರಿಂಟು ಹಾಕಿಸಿ ಸ್ಟುಡಿಯೋದ ಗಾಜಿನ ಹಿಂದೆ ನಿಲ್ಲಿಸಿದೆ.

ಅಕ್ಕ ತನ್ನ ಫೋಟೋ ಕೇಳಿಕೊಂಡು ಬಂದದ್ದು ಅದಾದ ಹದಿನೈದು ದಿನಕ್ಕೆ. ಕೈಯಲ್ಲಿ ಒಂದು ಫ್ರೇಮು ಇತ್ತು, ಗಾಜು ಹಾಕಿಸಿದ್ದು, ಒಳಗೆ ಖಾಲಿ. ಬರುವಾಗಲೇ ಅಂಗಡಿಯಲ್ಲಿ ಕೊಂಡು ತಂದಿದ್ದಳು. ಸ್ಟುಡಿಯೋದ ಗಾಜಿನ ಮುಂದೆ ನಿಂತಳು. ಮಣಿಕಟ್ಟಿನ ಮೇಲೆ ಬ್ಯಾರನ್ನಿನ ಕೊಳವೆ ಸುಟ್ಟ ಹಳೇ ಕಲೆಯೊಂದಿತ್ತು, ಅದರಿಂದ ಗುರುತು ಹಿಡಿದಳು.

"ಇದು ನಂದಲ್ವೇನ್ಲಾ?"

ನಾನು ಮಾತು ಹಾರಿಸಲು ನೋಡಿದೆ. ಅಕ್ಕ, ಇದು ದೇಶವಿದೇಶದಲ್ಲೆಲ್ಲ ಹೆಸರಾಗಿದೆ, ಜನ ನಿನ್ನನ್ನು ಹೊಗಳುತ್ತಿದ್ದಾರೆ ಎಂದೆ. ಬೀದಿಯಲ್ಲಿ ಹೋಗುವವರ ಕಡೆ ಒಂದು ಸಲ ನೋಡಿ, ಗಾಜಿಗೆ ಅಡ್ಡ ನಿಂತು ಅವಳು ಕೇಳಿದ್ದು ಇಷ್ಟೇ: "ಮೊಕ ಎಲ್ಲದೆ?"

"ಅದು... ಅಳಿಸೋಗದೆ ಕಣಕ್ಕ. ಇನ್ನೊಂದು ತೆಗೆಯೋಣ, ಈಗ್ಲೇ ಬಾ."

"ಇವತ್ತು ಬ್ಯಾಡ. ಆಸ್ಪತ್ರೆಗೆ ಬಂದಿದ್ದೆ, ಮೊಕ ನೋಡ್ಕೊಂಡಿಲ್ಲ." ಖಾಲಿ ಫ್ರೇಮನ್ನು ಚೀಲಕ್ಕೆ ಹಾಕಿಕೊಂಡಳು. "ಅದೇನ್ ಹೊಗಳವ್ರೋ ತೋರ್ಸು ನಡಿ."

ಅವಳನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಳು. ಪರದೆಯ ತುಂಬ ಅವಳ ಕೈ ಬಂದದ್ದೇ, ಮಡಿಲಲ್ಲಿದ್ದ ನಿಜವಾದ ಕೈ ಸೆರಗಿನೊಳಗೆ ಹೋಯಿತು. ನಾನು ಒಂದೊಂದನ್ನೇ ಕನ್ನಡ ಮಾಡಿ ಓದಿದೆ. ಬೇಕಾದ್ದನ್ನು ಓದಿದೆ, ಬೇಡದ್ದನ್ನು ನುಂಗಿದೆ. ದೇವರಂಥ ಕೈ ಅಂದಿದ್ದಾರೆ, ನಮಸ್ಕಾರ ಹೇಳಿದ್ದಾರೆ ಎಂದೆಲ್ಲ ಒದರಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಳು, ಆದರೆ ಕಣ್ಣು ಪರದೆಯ ಮೇಲೇ ಇತ್ತು. ಏಳನೇ ಕ್ಲಾಸಿನವರೆಗೆ ಓದಿದ್ದಳು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

"ಲೇ, ಇದೊಂದು ಎಲ್ಲಾರ್ದ್ರಲ್ಲೂ ಐತಲ್ಲ. ಓ, ಎಲ್, ಡಿ. ಓಲ್ಡ್ ಅಂದ್ರೆ ವಯಸ್ಸಾದೋರು ಅಲ್ವಾ?"

"ಹೂಂ."

"ನಂಗಾ ಅಂದಿರೋದು?"

ನಾನು ಕೆಳಗಿನ ಅಭಿಪ್ರಾಯ ಓದಲು ಹೋದೆ.

"ನಾನು ಮುದುಕಿ ಅಂತ ಇವರ್ಗೆ ಯಾರ್ ಯೋಳಿದ್ರು?"

ನಾನಿಟ್ಟ ಹೆಸರು ಚಿತ್ರದ ಕೆಳಗೇ ಇತ್ತು. ಅದರ ಮುಂದೆ ನನ್ನ ಹೆಸರೂ ಇತ್ತು. ಮೌಸನ್ನು ಮೆಲ್ಲಗೆ ಎಳೆದು ಆ ಸಾಲು ಕಾಣದ ಹಾಗೆ ಮಾಡಿ, "ಕೈ ನೋಡಿ ಅವ್ರೇ ಅಂದ್ಕೊಂಡವ್ರೆ ಕಣಕ್ಕ" ಎಂದೆ.

ಅವಳು ಸಿಟ್ಟು ಮಾಡಲಿಲ್ಲ. ನಾನು ಕಾದದ್ದು ಸಿಟ್ಟಿಗೆ, ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಪಾಪ, ಗೊತ್ತಿಲ್ದೆ ಅಂದವ್ರೆ. ಅಂಗಾರೆ ನೀನು ಬರ್ದು ಯೋಳು ಕಣ್ಲಾ. ನಮ್ಮಕ್ಕನ್ಗೆ ಮೂವತ್ತೇಳು, ಎಲೆ ಕಟ್ಟಿ ಕಟ್ಟಿ ಕೈ ಇಂಗಾಗದೆ, ಮೊಕ ಚೆನ್ನಾಗದೆ ಅಂತ. ಅಷ್ಟ್ ಬರಿ ಸಾಕು."

"ಬರೀತೀನಕ್ಕ."

"ಮರೀಬ್ಯಾಡ."

ಪಿರಿಯಾಪಟ್ಟಣದ ಬಸ್ಸಿಗೆ ಅವಳನ್ನು ಹತ್ತಿಸಿದೆ. ಕಿಟಕಿಯಿಂದಲೂ ಇನ್ನೊಂದು ಸಲ ಹೇಳಿದಳು. ಬಸ್ಸು ಹೊರಟ ಮೇಲೆ ನೇರವಾಗಿ ಸೈಬರ್ ಸೆಂಟರಿಗೇ ವಾಪಸ್ಸು ಹೋದೆ. ಬರೆಯಬೇಕೆಂದೇ ಹೋದೆ, ಅದು ಸುಳ್ಳಲ್ಲ. ಪುಟ ತೆರೆದರೆ ಅಷ್ಟರಲ್ಲಿ ಇನ್ನೊಂದು ಹೊಸ ಅಭಿಪ್ರಾಯ ಬಂದಿತ್ತು. ಈ ವೃದ್ಧ ತಾಯಿಗೆ ನೂರು ವರ್ಷ ತುಂಬಲಿ, ಹತ್ತಕ್ಕೆ ಹತ್ತು ಎಂದು ಯಾವುದೋ ದೇಶದವನು ಬರೆದಿದ್ದ. ನಾನು ಕೀಬೋರ್ಡು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅವನಿಗೆ ಥ್ಯಾಂಕ್ಯೂ ಎಂದು ಬರೆದೆ.