ಬಲಗೈ ಕಾಯ್ತದೆ

ಪುಟ್ಟಸಿದ್ದಮ್ಮ ವಕಾರ್ ಸಾಬರನ್ನು ಮೊದಲು ನೋಡಿದ್ದು ಒಂದು ಮಂಗಳವಾರ, ಮರದ ಹೊಟ್ಟಿಗೆ ಹೋದಾಗ. ಹುಣಸೂರಿನ ಸಾಮಿಲ್ಲುಗಳ ಸಾಲು ಮುಗಿಯುವಲ್ಲಿ ಅವರದೊಂದು ಸಣ್ಣ ಅಂಗಡಿ. ಲೇತಿನ ಮೇಲೆ ಮಂಚದ ಕಾಲು, ತೊಟ್ಟಿಲ ಕಂಬಿ, ಲಟ್ಟಣಿಗೆ ಕಡೆಯುತ್ತಿದ್ದರು. ಇವಳದು ಹೊಟ್ಟಿನ ಒಲೆ, ವಾರಕ್ಕೆ ಒಂದು ಚೀಲ ಬೇಕು.

ಒಳಗೆ ಟೇಪು ಹಾಕಿತ್ತು. ಹಾಡು ಅನ್ನೋ ಹಾಗಿರಲಿಲ್ಲ. ಗುಡುಗು, ತಗಡು, ನಡುವೆ ಒಬ್ಬ ಗಂಡಸಿನ ಕಿರುಚಾಟ. ಪುಟ್ಟಸಿದ್ದಮ್ಮ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ಏನಮ್ಮ, ಹೆದರಿಕೊಂಡ್ರಾ?" ಅಂದರು ವಕಾರ್.

"ಎದ್ರಿಕೆ ಯಾಕೆ ಸಾಬ್ರೆ? ತಮಟೆ ಕಾಯಿಸ್ದೇನೆ ಬಡೀತಾವ್ನಲ್ಲ ಅಂತ ನೋಡ್ತಿದ್ದೆ."

ವಕಾರ್ ಲೇತು ನಿಲ್ಲಿಸಿದರು. ಟೇಪನ್ನೂ ನಿಲ್ಲಿಸಿದರು.

ಅವಳ ಗಂಡ ಸಿದ್ದರಾಜು ಬೆಟ್ಟದಪುರದ ಕಡೆಯ ತಮಟೆಯವನು. ಬಡಿಯುವ ಮುಂಚೆ ಹುಲ್ಲಿನ ಉರಿ ಮಾಡಿ ತಮಟೆ ಕಾಯಿಸಬೇಕು. ಕಾದ ಚರ್ಮ ಬಿಗಿದುಕೊಂಡು ಕಂಚಿನ ಹಾಗೆ ನುಡಿಯುತ್ತದೆ. ಕಾಯದ ತಮಟೆ ಬಡಿದರೆ ಒದ್ದೆ ಕಂಬಳಿ ಒದರಿದ ಹಾಗೆ. ಮದುವೆಯಾದ ಮೇಲೆ ಆ ಉರಿಗೆ ಹುಲ್ಲು ಹಾಕುತ್ತಾ ಬಂದವಳು ಇವಳೇ. ಯಾವ ಗಳಿಗೆಗೆ ಸಾಕು, ಯಾವ ಗಳಿಗೆಗೆ ಜಾಸ್ತಿ ಅನ್ನೋದು ಅವಳ ಕಿವಿಗೆ ಗೊತ್ತಿತ್ತು.

"ಈ ಕ್ಯಾಸೆಟ್ಟು ಮಳೆಗಾಲದಲ್ಲಿ ಶೆಡ್ಡಲ್ಲಿ ರೆಕಾರ್ಡ್ ಮಾಡಿದ್ದು. ಡ್ರಮ್ಮು ಬಿಗಿಯಾಗಿ ನಿಲ್ಲಲೇ ಇಲ್ಲ ಅಂತ ಬಾರಿಸಿದೋನೇ ನನ್ನ ಹತ್ರ ಹೇಳಿದ್ದ. ಬೇರೆ ಯಾರಿಗೂ ಅದು ಗೊತ್ತಾಗಿಲ್ಲ. ನಿಮಗೆ ಬಾಗಿಲಲ್ಲೇ ಗೊತ್ತಾಯ್ತಲ್ಲಮ್ಮ!" ಅಂದರು ವಕಾರ್. ಅವತ್ತು ಚೀಲಕ್ಕೆ ಹೊಟ್ಟನ್ನು ಅವರೇ ತುಂಬಿ ತಲೆಗೆ ಎತ್ತಿಕೊಟ್ಟರು.

ಆ ಹಾಡಿನವರ ಹೆಸರು ಕಗ್ಗಲ್ಲು. ಮೈಸೂರಿನಲ್ಲಿ ಕೂಡಿಕೊಂಡ ನಾಲ್ಕು ಹುಡುಗರ ರಾಕ್ ಬ್ಯಾಂಡು. ಡ್ರಮ್ಮಿನವನು ಭೇರ್ಯದ ದೇವರಾಜು. ಅವನ ಏಟಿಗೆ ಅಂಗಡಿಯಲ್ಲಿ ಕೊಂಡ ಕೋಲುಗಳು ಕಡ್ಡಿಯ ಹಾಗೆ ಮುರಿಯುತ್ತಿದ್ದವು. ಯಾರೋ ಹೇಳಿದರು ಅಂತ ಹುಣಸೂರಿಗೆ ಬಂದಿದ್ದ. ವಕಾರ್ ಗಟ್ಟಿ ಜಾತಿಯ ದಿಂಡಿಗದ ಮರದಲ್ಲಿ ಒಂದು ಜೊತೆ ಕಡೆದುಕೊಟ್ಟರು. ಅವು ಮುರಿಯಲಿಲ್ಲ. ಅಲ್ಲಿಂದ ಮುಂದೆ ದೇವರಾಜು ಬೇರೆ ಕೋಲು ಮುಟ್ಟಲಿಲ್ಲ, ವಕಾರ್ ಬೇರೆ ಹಾಡು ಕೇಳಲಿಲ್ಲ. ಎಲ್ಲಿ ಕಾರ್ಯಕ್ರಮವಿದ್ದರೂ ಪಿರಿಯಾಪಟ್ಟಣದ ಗೆಳೆಯ ವಸಂತ್‌ನ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದರು. "ನಾನು ಕೂಗಿದ್ರೆ ಇವ್ರಿಗೆ ಕೇಳಲ್ಲ, ಆ ಕಲ್ಲು ಉರುಳಿದ್ರೆ ಮಾತ್ರ ಕೇಳ್ತದೆ" ಅಂತ ಅವರ ಹೆಂಡತಿ ನಿಶತ್ ಆಡಿಕೊಳ್ಳುತ್ತಿದ್ದರು.

ನಾಲ್ಕು ವರ್ಷಕ್ಕೆ ಹುಡುಗರು ಜಗಳವಾಡಿಕೊಂಡು ಬೇರೆಯಾದರು. ಅದೇ ವರ್ಷ ಸಿದ್ದರಾಜು ತೀರಿಕೊಂಡ. ಪುಟ್ಟಸಿದ್ದಮ್ಮ ವಕಾರ್ ಅಂಗಡಿಯಲ್ಲಿ ಕಸ ಗುಡಿಸಿ ಹೊಟ್ಟು ತುಂಬುವ ಕೆಲಸಕ್ಕೆ ನಿಂತಳು. ಗಂಡನ ತಮಟೆ ಅವಳ ಮನೆಯ ಅಟ್ಟದ ಮೇಲೆ ಉಳಿಯಿತು.

ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಲೇತು, ಪಕ್ಕದ ಮಿಲ್ಲಿನ ಗರಗಸ ಎರಡೂ ಸೇರಿ ವಕಾರ್ ಕಿವಿ ತಿಂದು ಹಾಕಿದ್ದವು. ಮೊದಲು ದೂರದ ಆಜಾನ್ ಹೋಯಿತು, ಆಮೇಲೆ ನಿಶತ್ ಮಾತು, ಕೊನೆಗೆ ಲೇತಿನ ಸದ್ದೂ ಹೋಯಿತು. ತುಟಿ ನೋಡಿ ಅರ್ಧ ತಿಳಿದುಕೊಳ್ಳುವರು. ಉಳಿದರ್ಧಕ್ಕೆ ಒಂದು ಪ್ಲೈವುಡ್ ಹಲಗೆ, ಸೀಮೆಸುಣ್ಣ. ಪುಟ್ಟಸಿದ್ದಮ್ಮ ನಲವತ್ತು ದಾಟಿದ ಮೇಲೆ ಸಾಕ್ಷರತೆ ಕ್ಲಾಸಿನಲ್ಲಿ ಅಕ್ಷರ ಕಲಿತವಳು.

"ಸಿದ್ದಮ್ಮಕ್ಕ, ಒತ್ತಕ್ಷರ ಎಲ್ಲಿ ಹೋಯ್ತು?" ಅಂತ ವಕಾರ್ ಛೇಡಿಸುವರು.

"ಒತ್ತು ಕೊಡಾಕೆ ನನ್ ಕೈಲಾಗಲ್ಲ. ಇಂಗೇ ಓದ್ಕಳಿ" ಅನ್ನುವಳು.

ದೇವರಾಜುವಿಗೆ ಪಾರ್ಶ್ವವಾಯು ಬಡಿಯಿತು, ಎಡಗೈ ಬಿದ್ದುಹೋಯಿತು ಅನ್ನುವ ಸುದ್ದಿ ಬಂದಾಗ ವಕಾರ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ದಿಂಡಿಗದ ತುಂಡು ಲೇತಿಗೆ ಕಟ್ಟಿದರು. ಬಲದ ಕೋಲು ಎಂದಿನ ಹಾಗೆ. ಎಡದ್ದಕ್ಕೆ ಹಿಡಿ ದಪ್ಪ, ಸೋತ ಬೆರಳಿಂದ ಜಾರದ ಹಾಗೆ ನಡುವೆ ಒಂದು ಗಂಟು. ಭೇರ್ಯಕ್ಕೆ ಹೋಗುವವರ ಕೈಲಿ ಕಳಿಸಿದರು. ಆಮೇಲೆ ಲೇತಿನ ಪಟ್ಟಿ ಬಿಚ್ಚಿಟ್ಟರು. ಎದೆ ತುಂಬ ಮರದ ಧೂಳು, ಇನ್ನು ಸಾಕು ಅಂದಿದ್ದರು ಡಾಕ್ಟರು. ಕೋಲು ತಲುಪಿತು ಅಂತಲೂ ಭೇರ್ಯದಿಂದ ಮಾತು ಬರಲಿಲ್ಲ.

ಹೋದ ವರ್ಷ ಕಗ್ಗಲ್ಲಿನ ನಾಲ್ವರೂ ಮತ್ತೆ ಕೂಡಿ ಎಂಟು ಹಾಡು ಮಾಡಿದರು. ಫೋನಿನಲ್ಲಿ ಅಭಿಮಾನಿಗಳ ಗುಂಪು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದಿತು. ವಕಾರ್ ಅದನ್ನು ಪುಟ್ಟಸಿದ್ದಮ್ಮನ ಕಣ್ಣ ಮುಂದೆ ಹಿಡಿದರು. ಅವಳು ಬೆರಳಿಟ್ಟು ಓದಿದಳು. 'ಇಪ್ಪತ್ತೆರಡು ವರ್ಷ ಕಾದೆವು. ಕಾದದ್ದೂ ಸಾರ್ಥಕ.'

"ಅಯ್ಯೋ, ಇಪ್ಪತ್ತೆರಡು ವರ್ಸ ಕಾಯಿಸುದ್ರೆ ಚರ್ಮ ಸುಟ್ಟು ಕರಕಾಗಾಕಿಲ್ವಾ?"

ವಕಾರ್ ಕೆಮ್ಮು ಬರುವ ತನಕ ನಕ್ಕರು. "ಡ್ರಮ್ಮು ಕಾದಿದ್ದಲ್ಲ ಅಕ್ಕ, ಜನ ಕಾದಿದ್ದು! ದಾರಿ ಕಾದಿದ್ದು!"

ಮುಂದಿನವನ್ನು ಅವರೇ ಓದಿ ಹೇಳಿದರು. ಒಬ್ಬ 'ಮುದುಕರ ಭಜನೆ' ಅಂದಿದ್ದ. ಇನ್ನೊಬ್ಬ, ಗಿಟಾರಿಗೆ ವಯಸ್ಸಾಗಿಲ್ಲ, ಹಾಡೋನ ಗಂಟಲಿಗೆ ಆಗಿದೆ ಅಂದಿದ್ದ. ವಸಂತ್ ಬರೆದದ್ದಕ್ಕೆ ಬಂದಾಗ ಮಾತ್ರ ನಗು ನಿಂತಿತು. 'ಡ್ರಮ್ಮು ಕಂಪ್ಯೂಟರಿಂದು. ಆ ಕೈಯಲ್ಲಿ ದೇವರಾಜು ಎಲ್ಲಿ ಬಾರಿಸ್ತಾನೆ? ಕನಿಕರಕ್ಕೆ ಹೆಸರು ಹಾಕವ್ರೆ.' ಇನ್ನೂರು ಜನ ಅದಕ್ಕೆ ಹೌದು ಹೌದು ಅಂದಿದ್ದರು.

"ನನಗೆ ಇದೊಂದು ತಿಳಿಬೇಕು ಅಕ್ಕ. ಬಾರಿಸಿದ್ದು ಅವನೇನಾ, ಮಿಷಿನ್ನಾ? ನನ್ನ ಕೋಲು ಏಟು ಕೊಟ್ಟವಾ, ಗೋಡೆಗೆ ನೇತುಹಾಕಿದಾರಾ? ನಿಶತ್‌ನ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾಳೆ, ನನ್ನ ಮನಸ್ಸು ನೋಯ್ಸಲ್ಲ ಅವಳು. ಈ ಗುಂಪಿನೋರು ತಮ್ಮ ತಮ್ಮ ಹರೆಯ ಕೇಳಿಸ್ಕೊಂತಾರೆ. ನೀವು ಕೇಳಿ. ಇದ್ದದ್ದು ಇದ್ದಂಗೆ ಹೇಳಿ."

ಆವತ್ತು ಮಧ್ಯಾಹ್ನ ಅವಳು ಎರಡು ಹಾಡು ಕೇಳಿದಳು. ವಕಾರ್ ಅವಳ ಮುಖ ನೋಡುತ್ತಾ ಕೂತಿದ್ದರು. ಅವಳು ಹಲಗೆ ತೆಗೆದುಕೊಂಡು 'ಇವತು ಯೇಳಲ' ಅಂತ ಬರೆದಳು. ಮರುದಿನ ಇನ್ನೆರಡು ಕೇಳಿದಳು. ಆಗಲೂ ಹೇಳಲಿಲ್ಲ. ಮೂರನೆಯ ದಿನ ಮುಂದಿನ ಮೂರು ಕೇಳಿ, ಅದರಲ್ಲಿ ಒಂದನ್ನು ನಾಲ್ಕು ಸಲ ಹಾಕಿಸಿಕೊಂಡಳು. ನಿಶತ್ ತಂದಿಟ್ಟ ಟೀ ಆರಿಹೋಯಿತು. ಸಿದ್ದರಾಜುವಿನ ಕೊನೆಯ ವರ್ಷ ಅವಳ ಕಿವಿಯಲ್ಲಿತ್ತು. ಅವನಿಗೂ ಒಂದು ಕೈ ಸೋತಿತ್ತು. ಬಲಗೈಯ ದಪ್ಪ ಕೋಲು ತಮಟೆಗೆ ಬಿದ್ದ ಮೇಲೆ ಎಡಗೈಯ ಸಣ್ಣ ಕಡ್ಡಿ ಎಲ್ಲಿ ಅಂತ ಅವಳು ಹುಲ್ಲಿನ ಉರಿಯ ಪಕ್ಕ ಉಸಿರು ಹಿಡಿದು ಕೂರುತ್ತಿದ್ದಳು.

ಹಲಗೆಯ ಮೇಲೆ ನಿಧಾನವಾಗಿ ಬರೆದಳು. 'ಎಡಗೈ ತಡ. ಬಲಗೈ ಕಾಯತದೆ.'

ವಕಾರ್ ಹುಬ್ಬು ಗಂಟಿಕ್ಕಿದರು. "ಡ್ರಮ್ಮು ಕಾಯೋದು ಗೊತ್ತು. ಕೈ ಕಾಯೋದು ಎಂಥದಕ್ಕ? ಜ್ವರವಾ?"

ಈಗ ನಗುವ ಸರದಿ ಅವಳದು. ಆದರೆ ನಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಎರಡು ಸೊಟ್ಟ ಲಟ್ಟಣಿಗೆ ತೆಗೆದುಕೊಂಡಳು. ಹಲಗೆಯನ್ನು ಅವರ ಮೊಣಕಾಲ ಮೇಲೆ ಮಗುಚಿ ಹಾಕಿದಳು. ಬಲಗೈಯಿಂದ ಒಂದು ಏಟು ಹೊಡೆದು ಇನ್ನೊಂದಕ್ಕೆ ಕೈ ಎತ್ತಿದಳು, ಹೊಡೆಯಲಿಲ್ಲ. ಎತ್ತಿದ ಕೈ ಎತ್ತಿದಂತೇ ನಿಂತಿತು. ಎಡಗೈ ಎಳೆದುಕೊಂಡು ಬಂದು ಬಿತ್ತು. ಆಮೇಲೆ ಬಲದ್ದು ಬಿತ್ತು. ಮತ್ತೆ ಹಾಗೇ, ಮತ್ತೆ ಹಾಗೇ. ಏಟು ಮೊಣಕಾಲಿಗೆ ಇಳಿದು ವಕಾರ್ ಮೈಗೆಲ್ಲಾ ಹತ್ತಿತು.

"ಮಿಷಿನ್ನು ಯಾರ್ಗೂ ಕಾಯಾಕಿಲ್ಲ ಕಣ್ರೀ" ಅಂದಳು, ತುಟಿ ಬಿಡಿಸಿ, ಒಂದೊಂದೇ ಮಾತಾಗಿ.

ವಕಾರ್ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಗುಂಪಿಗೆ ಬರೆದರು. 'ಬಾರಿಸಿದ್ದು ದೇವರಾಜುನೇ. ಎಡಗೈಗೆ ಬಲಗೈ ಕಾಯುತ್ತೆ. ಕೇಳಿ ನೋಡಿ.'

'ಕಿವುಡ ಸಾಬರು ಕೇಳಿಸ್ಕೊಂಡ್ರಂತೆ' ಅಂತ ಯಾವನೋ ಕುಹಕ ಮಾಡಿದ. ಆದರೆ ಸಂಜೆಗೆ ವಸಂತ್ ಬರೆದ: 'ಮೂರು ಸಲ ಕೇಳ್ದೆ ಕಣ್ಲಾ ವಕಾರ್. ಕಾಯ್ತಾನೆ. ಅವನೇ. ತಪ್ಪಾಯ್ತು.' ಅಂದಿನಿಂದ ಗುಂಪಿನಲ್ಲಿ ಬೈಯುವವರೂ ಕಡಿಮೆಯಾದರು, ಹೊಗಳುವವರೂ ಕಡಿಮೆಯಾದರು. ಯಾವ ಹಾಡಿನಲ್ಲಿ, ಎಷ್ಟನೆಯ ನಿಮಿಷದಲ್ಲಿ ಕೈ ಕಾಯುತ್ತದೆ ಅಂತ ಒಬ್ಬರಿಗೊಬ್ಬರು ತೋರಿಸಿಕೊಡತೊಡಗಿದರು.

ಎಂಟನೆಯ ಹಾಡು ಉಳಿದಿತ್ತು. ಅಷ್ಟರಲ್ಲಿ ವಕಾರ್ ಹಾಸಿಗೆ ಹಿಡಿದರು. ಎದೆಯೊಳಗೆ ಉಸಿರು ಮರ ಕೊಯ್ದ ಹಾಗೆ ಎಳೆಯುತ್ತಿತ್ತು. ಆ ಹಾಡಿನ ಕೊನೆ ಸರಿಯಿಲ್ಲ, ನಡುವೆ ಕತ್ತರಿಸಿದ್ದಾರೆ ಅಂತ ಗುಂಪಿನಲ್ಲಿ ತಕರಾರು. ಬಲಗೈ ಏಟು ಕೇಳುತ್ತದಂತೆ, ಆಮೇಲೆ ಏನೂ ಇಲ್ಲವಂತೆ. "ಏನೂ ಇಲ್ಲ ಅಂದ್ರೆ ಹೇಗೆ?" ಅಂತ ವಕಾರ್ ಎರಡು ದಿನದಿಂದ ಅದನ್ನೇ ಅನ್ನುತ್ತಿದ್ದರು. ನಿಶತ್ ಆಳು ಕಳಿಸಿ ಪುಟ್ಟಸಿದ್ದಮ್ಮನನ್ನು ಕರೆಸಿದರು.

ಶುಕ್ರವಾರ ಬೆಳಿಗ್ಗೆ, ಹತ್ತು ಗಂಟೆಯಿರಬೇಕು. ಅಂಗಡಿಯ ಹಿಂದಿನ ಮನೆಯಲ್ಲಿ ಅವಳು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಫೋನನ್ನು ಕಿವಿಗಿಟ್ಟುಕೊಂಡಳು. ಹಾಡು ಉದ್ದವಾಗಿತ್ತು. ಹಾಡುವವನು ನಿಲ್ಲಿಸಿದ, ಗಿಟಾರು ನಿಂತಿತು, ಉಳಿದದ್ದು ಡ್ರಮ್ಮು ಒಂದೇ. ಬಲ, ಎಡ. ಬಲ, ತಡೆದು ಎಡ. ಬಲ.

ಆಮೇಲೆ ಸದ್ದಿಲ್ಲ. ಪಕ್ಕದ ಮಿಲ್ಲಿನ ಗರಗಸ ಜೋರಾಗಿತ್ತು. ಕಿಟಕಿ ಹಾಕಿ ಅಂತ ನಿಶತ್‌ಗೆ ಕೈ ಸನ್ನೆ ಮಾಡಿದಳು. ಇನ್ನೊಂದು ಕಿವಿ ಮುಚ್ಚಿಕೊಂಡಳು. ಉಸಿರು ಹಿಡಿದಳು. ಹಾಡು ಮುಗಿದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ತುಂಬಾ ಹೊತ್ತಾದ ಮೇಲೆ, ಮೆತ್ತಗೆ, ಎಡದ ಕೋಲು ಡ್ರಮ್ಮಿನ ಚರ್ಮಕ್ಕೆ ತಗುಲಿ ನಿಂತಿತು.

ಹಲಗೆಗೆ ಕೈ ಚಾಚಿದಳು. ವಕಾರ್ ಕಣ್ಣು ಮುಚ್ಚಿದ್ದವು, ಬರೆದರೂ ಓದುವ ಹಾಗಿರಲಿಲ್ಲ. ಹಾಸಿಗೆಯ ಮೇಲೆ ಅವರ ಎಡಗೈ ಬಿಚ್ಚಿಕೊಂಡು ಬಿದ್ದಿತ್ತು. ತುಟಿ ಅಲ್ಲಾಡಿತು.

"ಎಡಗೈ ಬಂತಾ, ಸಿದ್ದಮ್ಮಕ್ಕ?"