ಎಳೆದು ನೋಡುವ ಕೆಲಸ

ಆ ಶರ್ಟು ಕಾರ್ಖಾನೆಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಮುಖದೆದುರು ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಎದುರಿಗಿದ್ದಾಗ ಎಲ್ಲರಿಗೂ ಅಕ್ಕ, ಬೆನ್ನು ತಿರುಗಿಸಿದ ಕೂಡಲೇ ಭೂತಗನ್ನಡಿ. ಅದೂ ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಾಗದ ವಿಷಯ ಆ ಕಟ್ಟಡದಲ್ಲಿ ಬಹಳ ಕಡಿಮೆ.

ಹೊಲಿದು ಮುಗಿದ ಶರ್ಟುಗಳೆಲ್ಲ ಕೊನೆಗೆ ಅವಳ ಮೇಜಿಗೆ ಬರಬೇಕು. ಟ್ಯೂಬ್ ಲೈಟಿನ ಕೆಳಗೆ ಹರಡಿ, ಕಾಲರಿನಿಂದ ಶುರುಮಾಡಿ, ತೋಳುಗಳನ್ನು ಒಳಗೆ ಹೊರಗೆ ಮಾಡಿ, ಗುಂಡಿಪಟ್ಟಿಯಲ್ಲಿ ಮುಗಿಸುವುದು ಅವಳ ಕ್ರಮ. ತಪ್ಪು ಸಿಕ್ಕಲ್ಲಿ ಬಾಣದ ಗುರುತಿನ ಕೆಂಪು ಚೀಟಿ ಅಂಟಿಸುತ್ತಾಳೆ. ಅದಲ್ಲದೆ ದಿನಕ್ಕೊಮ್ಮೆ ಇನ್ನೊಂದು ಕೆಲಸವಿತ್ತು. ಒಟ್ಟಿಗೆ ಹೊಲಿದ ಪ್ರತಿ ಲಾಟಿನಿಂದ ಒಂದು ಒಳ್ಳೆಯ ಶರ್ಟನ್ನು ಎತ್ತಿ, ಅದರ ಹೊಲಿಗೆಯನ್ನು ಯಂತ್ರದ ಎರಡು ಹಿಡಿಕೆಗಳ ನಡುವೆ ಸಿಕ್ಕಿಸಿ, ಹರಿಯುವವರೆಗೂ ಎಳೆಯಬೇಕು. ಎಷ್ಟು ಭಾರಕ್ಕೆ ಹರಿಯಿತು ಎಂದು ಬರೆದುಕೊಂಡರೆ ಉಳಿದವುಗಳ ತಾಳಿಕೆ ತಿಳಿಯುತ್ತದೆ. ಹರಿದ ಶರ್ಟು ಚಿಂದಿ ಮೂಟೆಗೆ ಹೋಗುತ್ತದೆ. ಈ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹುಟ್ಟುವಾಗಲೇ ಯಾರೂ ಅನುಮಾನದ ಪಿಶಾಚಿಯಾಗಿ ಹುಟ್ಟುವುದಿಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ಚಿಕ್ಕಮ್ಮ ಬಂದು ಗಲ್ಲ ಸವರಿ, ‘ನನ್ನ ಬಂಗಾರ, ನಿನ್ನಂಥ ಜಾಣೆ ಎಲ್ಲೂ ಇಲ್ಲ, ಬಾ ಸರ್ಕಸ್ ತೋರಿಸ್ತೀನಿ’ ಎಂದು ಹೊಸ ರಿಬ್ಬನ್ ಕಟ್ಟಿ ಕರೆದುಕೊಂಡು ಹೋದಳು. ಸರ್ಕಸ್ ಎಲ್ಲಿಯದು? ಯಾರದೋ ಮನೆಯಲ್ಲಿ ಮಗು ಎತ್ತಿಕೊಳ್ಳಲು ಬಿಟ್ಟುಬಂದಳು. ಅಲ್ಲಿ ನಾಲ್ಕು ವರ್ಷ ಕಳೆದವು. ಅಂದಿನಿಂದ ಯಾರಾದರೂ ಹೊಗಳಿದರೆ ಅವಳ ಕಿವಿ ನೆಟ್ಟಗಾಗುತ್ತದೆ, ಕೈ ತಾನಾಗಿ ಚೀಲವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಗಂಡನನ್ನು ಒಪ್ಪಿಕೊಂಡದ್ದೂ ಅದೇ ಕಾರಣಕ್ಕೆ. ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದವನು, ಎಲ್ಲರಿಗೂ ಇಸ್ತ್ರಿಯಣ್ಣ. ಮದುವೆಯ ಮಾತಿಗೆ ಬಂದ ದಿನ ಅವನು ಬೆಣ್ಣೆ ಹಚ್ಚಲಿಲ್ಲ. ‘ನಂಗೆ ಮಾತು ಕಮ್ಮಿ, ನಿದ್ದೇಲಿ ಗೊರಕೆ ಜಾಸ್ತಿ, ಒಂದು ಕಿವಿ ಸ್ವಲ್ಪ ಮಂದ. ಆಮೇಲೆ ಹೇಳಿಲ್ಲ ಅನ್ನಬೇಡಿ’ ಎಂದ. ತನ್ನ ಮೈಗೆ ತಾನೇ ಕೆಂಪು ಚೀಟಿ ಅಂಟಿಸಿಕೊಂಡು ಬಂದ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು. ಇಪ್ಪತ್ತಾರು ವರ್ಷ ಸಂಸಾರ ಮಾಡಿದರು. ಒಬ್ಬಳು ಮಗಳು, ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಅಷ್ಟು ವರ್ಷದಲ್ಲಿ ಅವನು ಹೆಂಡತಿಯನ್ನು ಒಂದು ಸಲವೂ ಹೊಗಳಿರಲಿಲ್ಲ, ಅವಳೂ ಅವನನ್ನು ಹೊಗಳಿರಲಿಲ್ಲ. ಮನೆ ನೆಮ್ಮದಿಯಾಗಿತ್ತು.

ಆ ನೆಮ್ಮದಿಗೆ ಕೈಹಾಕಿದವಳು ವಿಶ್ವವಿದ್ಯಾಲಯದಿಂದ ಬಂದ ಒಬ್ಬ ಹುಡುಗಿ. ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳಂತೆ. ಒಂದು ಮಧ್ಯಾಹ್ನ ಊಟದ ಹಾಲಿನಲ್ಲಿ ನಿಂತು, ಉಪಕಾರ ನೆನೆದು ಬರೆದಿಡುವುದರಿಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಎಂದು ಈಚಿನ ಕೆಲವು ಅಧ್ಯಯನಗಳು ಹೇಳುತ್ತವೆ, ಇನ್ನು ಕೆಲವು ಹಾಗೇನಿಲ್ಲ ಎನ್ನುತ್ತವೆ, ಗಂಡಹೆಂಡಿರ ಮಧ್ಯೆ ಅದು ಏನು ಮಾಡುತ್ತದೆ ಎಂದು ನಾವು ನೋಡಬೇಕಾಗಿದೆ ಎಂದಳು. ಜೋಡಿಯಲ್ಲಿ ಒಬ್ಬರು ನಾಲ್ಕು ವಾರ ದಿನವೂ ಒಂದು ಪುಸ್ತಕದಲ್ಲಿ, ಇವತ್ತು ನನ್ನ ಸಂಗಾತಿಯಿಂದ ನನಗೆ ಏನು ಒಳ್ಳೆಯದಾಯಿತು ಎಂದು ಬರೆಯಬೇಕು. ಇನ್ನೊಬ್ಬರು ವಾರಕ್ಕೊಮ್ಮೆ ಪ್ರಶ್ನೆಗಳ ಹಾಳೆ ತುಂಬಬೇಕು. ಬರೆದದ್ದನ್ನು ಸಂಗಾತಿಗೆ ತೋರಿಸಬಾರದು.

‘ಯಾಕೆ ತೋರಿಸಬಾರ್ದು?’ ಎಂದು ಭೂತಗನ್ನಡಿ ಹಿಂದಿನ ಬೆಂಚಿನಿಂದಲೇ ಕೇಳಿದಳು.

‘ತೋರಿಸೋಕೆ ಅಂತ ಬರೆದ್ರೆ ನಿಜ ಬರೆಯಲ್ಲ ಅಮ್ಮಾ, ಅದಕ್ಕೇ’ ಎಂದು ಹುಡುಗಿ ನಕ್ಕಳು.

ಆ ನಗು ಅವಳಿಗೆ ಹಿಡಿಸಲಿಲ್ಲ. ಆದರೆ ಗಂಡ ಆಗಲೇ ಕೈಯೆತ್ತಿದ್ದ. ಚೀಟಿ ಎತ್ತಿದಾಗ ಬರೆಯುವ ಪಾಲು ಅವನಿಗೆ ಬಂತು, ಹಾಳೆ ತುಂಬುವ ಪಾಲು ಅವಳಿಗೆ. ಮೊದಲ ವಾರದ ಹಾಳೆಯಲ್ಲಿ, ಸಂಗಾತಿಯನ್ನು ಎಷ್ಟು ನಂಬುತ್ತೀರಿ, ಒಂದರಿಂದ ಏಳರೊಳಗೆ ಗುರುತು ಮಾಡಿ ಎಂದಿತ್ತು. ಏಳು ಎಂದರೆ ಸುಳ್ಳು, ಒಂದು ಎಂದರೆ ಜಗಳ ಎಂದು ಲೆಕ್ಕಹಾಕಿ ನಾಲ್ಕಕ್ಕೆ ಗುರುತು ಹಾಕಿ ಕೊಟ್ಟಳು.

ಊಟವಾದ ಮೇಲೆ ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತು ಪೆನ್ನು ಕಚ್ಚುತ್ತಾ ಬರೆಯತೊಡಗಿದ. ಮಾತು ಕಮ್ಮಿ ಎಂದು ಹೇಳಿ ಮದುವೆಯಾದವನು ಪುಟಗಟ್ಟಲೆ ಬರೆಯುತ್ತಿದ್ದ. ಬರೆದು ಅಲಮಾರಿನ ಮೇಲಿನ ಹಳೆಯ ಕ್ಯಾಲೆಂಡರುಗಳ ಕೆಳಗೆ ಇಡುತ್ತಿದ್ದ. ಅವಳ ತಲೆಗೆ ಹುಳ ಬಿಟ್ಟಂತಾಯಿತು. ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಗೆಳತಿ, ಎಡಗೈಯಲ್ಲಿ ಕತ್ತರಿ ಹಿಡಿಯುವುದರಿಂದ ಎಡಚಕ್ಕ ಎಂದು ಹೆಸರು ಪಡೆದವಳು, ಆ ಹುಳಕ್ಕೆ ಮೇವು ಹಾಕಿದಳು.

‘ಏನೇನು ದೂರು ಬರೀತಿದ್ದಾರೋ ನೋಡ್ಕೊಳೇ. ಆಮೇಲೆ ಆ ಹುಡುಗಿ ಅದನ್ನ ಆಫೀಸಿಗೆ ಕೊಟ್ರೆ ಮಾನ ಹೋಗೋದು ನಿಂದು.’

ಐದನೆಯ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಕುರ್ಚಿ ಹತ್ತಿ ಪುಸ್ತಕ ತೆಗೆದಳು. ಅವನ ಸ್ನಾನಕ್ಕೆ ಏಳು ನಿಮಿಷ ಎಂದು ಅವಳಿಗೆ ಗೊತ್ತು. ದೂರಿಗಾಗಿ ಮೊದಲ ಸಾಲಿನಿಂದ ಹುಡುಕಿದಳು. ದೂರು ಒಂದೂ ಇರಲಿಲ್ಲ.

‘ದಿನವೆಲ್ಲ ನಿಂತು ಕಾಲು ಊದಿಕೊಂಡಿತ್ತು. ಕೇಳುವ ಮೊದಲೇ ಬಿಸಿನೀರಿಗೆ ಉಪ್ಪು ಹಾಕಿ ಕಾಲ ಹತ್ತಿರ ತಂದಿಟ್ಟಳು.’ ‘ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟಳು. ಅವಳಿಗೂ ಕಿಟಕಿ ಇಷ್ಟ, ನನಗೆ ಗೊತ್ತು.’ ‘ನನ್ನ ಮಂದ ಕಿವಿಯ ಕಡೆ ಅವಳು ಯಾವತ್ತೂ ಕೂರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೆಯೇ. ಇದನ್ನು ಅವಳಿಗೆ ಹೇಳಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.’

ಬೇರೆ ಯಾವ ಹೆಂಗಸಾದರೂ ಅಲ್ಲೇ ಕುರ್ಚಿಯ ಮೇಲೆ ನಿಂತು ಅತ್ತಿರುತ್ತಿದ್ದಳು. ನಮ್ಮ ಭೂತಗನ್ನಡಿಗೆ ಒಂದು ಕ್ಷಣ ಕಣ್ಣು ಮಂಜಾದದ್ದು ನಿಜ, ಮರುಕ್ಷಣವೇ ಮೈಯೆಲ್ಲ ಎಚ್ಚರವಾಯಿತು. ಇಷ್ಟು ವರ್ಷ ಬಾಯಿಬಿಡದವನು ಈಗ ಇಷ್ಟು ಸಿಹಿ ಏಕೆ ಸುರಿಯುತ್ತಿದ್ದಾನೆ? ಏನು ಬೇಕಾಗಿದೆ ಇವನಿಗೆ? ಏನು ಮುಚ್ಚಿಡುತ್ತಿದ್ದಾನೆ? ಎಡಚಕ್ಕನಿಗೆ ಹೇಳಿದಾಗ ಅವಳೂ ಮೂಗು ಮುರಿದಳು.

‘ದೂರಿಗಿಂತ ಇದೇ ಕೆಟ್ಟದ್ದು ಕಣೇ. ಗಂಡಸು ಸುಮ್‌ಸುಮ್ನೆ ಹೊಗಳ್ತಾನಾ?’

ಆ ಮಧ್ಯಾಹ್ನ ಯಂತ್ರದಲ್ಲಿ ಶರ್ಟು ಎಳೆಯುತ್ತಿದ್ದಾಗ ಅವಳಿಗೆ ಉಪಾಯ ಹೊಳೆಯಿತು. ಹೊಲಿಗೆ ನಿಜವೋ ತೋರಿಕೆಯೋ ಎಂದು ತಿಳಿಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ಎಳೆದು ನೋಡುವುದು. ಕೊಡುವುದನ್ನೆಲ್ಲ ಒಂದೊಂದಾಗಿ ನಿಲ್ಲಿಸಿದರೆ, ಹೊಗಳಿಕೆ ಬರೀ ಬೆಣ್ಣೆಯಾಗಿದ್ದರೆ, ಬಣ್ಣ ಬಯಲಾಗಲೇಬೇಕು. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಗಂಡನೂ ಶರ್ಟೂ ಒಂದೇ ಎಂದು ಕಂಡಿತು ನೋಡಿ.

ಒಂಬತ್ತನೆಯ ದಿನ ಬಿಸಿನೀರು ನಿಂತಿತು. ಅವನು ಊದಿದ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ ಕೂತ, ನೀರು ಕೇಳಲಿಲ್ಲ. ಮರುದಿನ ಅವಳು ಪುಸ್ತಕ ತೆಗೆದಳು. ‘ಪಾಪ, ಸುಸ್ತಾಗಿತ್ತೇನೋ. ಆದರೂ ಓವರ್‌ಟೈಮ್ ಮುಗಿಸಿ ನಾನು ಬರುವವರೆಗೆ ಊಟಕ್ಕೆ ಕಾದಳು’ ಎಂದಿತ್ತು. ಕಾಯುವುದನ್ನೂ ನಿಲ್ಲಿಸಿದಳು. ಕಿಟಕಿ ಸೀಟಿನಲ್ಲಿ ತಾನೇ ಕೂತಳು. ‘ಬಸ್ಸಿನಲ್ಲಿ ತೂಕಡಿಸಿದಳು. ತಲೆ ನನ್ನ ಭುಜಕ್ಕೆ ತಾಗಿತ್ತು’ ಎಂದು ಬರೆದ. ಮರುದಿನದಿಂದ ಅವನ ಪಕ್ಕ ಕೂರುವುದನ್ನೇ ಬಿಟ್ಟು ಎಡಚಕ್ಕನ ಜೊತೆ ಕೂತಳು. ‘ಮೂರು ಸೀಟು ಮುಂದೆ ಕೂತು ಗೆಳತಿಯ ಜೊತೆ ನಕ್ಕಳು. ಒಳ್ಳೆಯ ಕಿವಿ ಆ ಕಡೆಗಿತ್ತು, ಕೇಳಿಸಿತು.’

ಇದನ್ನು ಓದಿದ ದಿನ ಅವಳು ನಿಲ್ಲಿಸಬೇಕಿತ್ತು. ಅವಳಿಗೂ ಹಾಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಕುರ್ಚಿಯಿಂದ ಇಳಿದು, ಬಚ್ಚಲಿನ ಬಾಗಿಲ ಮುಂದೆ ನಿಂತು, ‘ರೀ’ ಎಂದು ಕರೆಯಲು ಬಾಯಿ ತೆರೆದಳು. ಒಳಗೆ ನೀರು ಸುರಿಯುವ ಸದ್ದು ನಿಂತಿತು. ತಕ್ಷಣ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ಇಷ್ಟು ಎಳೆದರೂ ಹರಿಯದ ಹೊಲಿಗೆ ಅವಳ ಅನುಭವದಲ್ಲೇ ಇರಲಿಲ್ಲ. ಹಾಗಿದ್ದರೆ ಇದರೊಳಗೆ ಏನೋ ಮೋಸ ಇರಲೇಬೇಕು ಎಂದುಕೊಂಡಳು. ಬಾಯಿಗೆ ಬೀಗ ಹಾಕಿಕೊಂಡಳು. ಕೇಳಿದ್ದಕ್ಕೆ ‘ಹೂಂ’, ‘ಉಹೂಂ’, ಅಷ್ಟೇ. ಅವನು ಎರಡು ಮೂರು ಸಲ ‘ಏನಾಯ್ತೇ?’ ಎಂದು ಕೇಳಿದ. ‘ಏನಿಲ್ಲ’ ಎಂದಳು. ಇಪ್ಪತ್ತೊಂದನೆಯ ದಿನದ ಪುಟದಲ್ಲಿ ಒಂದೇ ಸಾಲಿತ್ತು. ‘ಮನೆಯಲ್ಲಿದ್ದಾಳೆ.’

ಇಪ್ಪತ್ತೆರಡನೆಯ ದಿನದ ಪುಟ ಖಾಲಿ.

ಗೆದ್ದೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ. ಹಿಂದಿನ ಪುಟ, ಮುಂದಿನ ಪುಟ, ಕೊನೆಯ ಪುಟದ ಹಿಂಬದಿ, ಎಲ್ಲ ತಿರುವಿ ನೋಡಿದಳು. ಎಲ್ಲಾದರೂ ಅರ್ಧ ಸಾಲಾದರೂ ಇರಬಹುದೇ ಎಂದು. ತಪ್ಪು ಹುಡುಕುವಾಗಲೂ ಅವಳು ಇಷ್ಟು ಹುಡುಕಿರಲಿಲ್ಲ. ಬಚ್ಚಲಿನ ಬಾಗಿಲು ತೆರೆದ ಸದ್ದಿಗೆ ಪುಸ್ತಕವನ್ನು ತಲೆಕೆಳಗಾಗಿಯೇ ಇಟ್ಟು ಇಳಿದಳು.

ಅಂದು ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದ ಕಡೆಗೆ ಏನೋ ನೆಪ ಮಾಡಿಕೊಂಡು ಹೋದಳು. ಅವನ ಮೇಜಿನಲ್ಲಿ ಬೇರೆ ಯಾರೋ ನಿಂತಿದ್ದರು. ಅರ್ಧ ದಿನ ರಜೆ ಹಾಕಿದ್ದಾರೆ ಅಕ್ಕ, ಮೇಲಿನ ಮಹಡಿಗೆ ಹೋದರು, ಆ ಸಂಶೋಧನೆಯ ಹುಡುಗಿ ಕೂರುವ ಕೋಣೆಗೆ ಎಂದು ಮೇಲ್ವಿಚಾರಕ ಹೇಳಿದ. ಸತ್ತಿದ್ದ ಅನುಮಾನಕ್ಕೆ ಮತ್ತೆ ಜೀವ ಬಂತು. ಅದೇ ಸರಿ, ಎಲ್ಲ ಆ ಹುಡುಗಿಯದೇ ಆಟ, ಈಗ ಇಬ್ಬರನ್ನೂ ಹಿಡಿಯುತ್ತೇನೆ ಎಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಬಾಗಿಲು ಅರ್ಧ ತೆರೆದಿತ್ತು.

‘ಈ ಪುಸ್ತಕ ಇನ್ನು ನಂಗೆ ಬೇಡ ಮೇಡಂ’ ಎಂದು ಅವಳ ಗಂಡ ಹೇಳುತ್ತಿದ್ದ. ‘ಅವಳಿಗೆ ಏನೋ ಕಾಯಿಲೆ ಬಂದಿದೆ. ಮೊದಲು ಕಾಲಿಗೆ ನೀರಿಡೋದು ಬಿಟ್ಟಳು. ಆಮೇಲೆ ಊಟಕ್ಕೆ ಕಾಯೋದು ಬಿಟ್ಟಳು. ಆಮೇಲೆ ಪಕ್ಕ ಕೂರೋದು. ಈಗ ಮಾತೂ ಇಲ್ಲ. ಒಂದೊಂದೇ ಹೋಗ್ತಾ ಇದೆ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು, ಕೊನೆಗೆ ನನ್ನ ಗುರುತೇ ಸಿಗ್ತಿರಲಿಲ್ಲ. ಒಳ್ಳೇ ಡಾಕ್ಟರು ಯಾರು ಅಂತ ನಿಮಗೆ ಗೊತ್ತಿರುತ್ತಲ್ಲ, ಹೇಳಿ ಮೇಡಂ. ನಂಗೆ ಭಯ ಆಗ್ತಿದೆ.’

ಅವನ ಭುಜ ಅಲುಗುತ್ತಿತ್ತು. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಮೆಟ್ಟಿಲಿಳಿದು ಹೋಗಿಬಿಡಬಹುದಿತ್ತು. ನಾಳೆಯಿಂದ ಹುಷಾರಾದವಳಂತೆ ಮೊದಲಿನಂತೆ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸಾವಿರ ಜನರ ತಪ್ಪಿಗೆ ಚೀಟಿ ಅಂಟಿಸಿದವಳಿಗೆ ತನ್ನದನ್ನು ಮಡಿಚಿ ಒಳಗಿಡಲು ಮನಸ್ಸು ಬರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು.

‘ನಂಗೆ ಕಾಯಿಲೆ ಇಲ್ಲ ರೀ. ನಿಮ್ಮ ಪುಸ್ತಕ ದಿನಾ ಓದ್ತಿದ್ದೆ. ನೀವು ಬರೆಯೋದು ನಿಜಾನಾ ಸುಳ್ಳಾ ನೋಡೋಣ ಅಂತ ಒಂದೊಂದೇ ನಿಲ್ಲಿಸ್ದೆ. ಬೇಕು ಅಂತಲೇ ಮಾಡ್ದೆ.’

ಹುಡುಗಿಯ ಕೈಯ ಪೆನ್ನು ಅಲ್ಲೇ ನಿಂತಿತು. ಗಂಡ ತನ್ನ ಒಳ್ಳೆಯ ಕಿವಿಯನ್ನು ಇತ್ತ ತಿರುಗಿಸಿದ, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ.

‘ಹಾಗಾದ್ರೆ ನಿಂಗೇನೂ ಆಗಿಲ್ಲ?’

‘ಇಲ್ಲ.’

‘ಸದ್ಯ’ ಎಂದು ಉಸಿರುಬಿಟ್ಟು ಅವನು ಮುಖ ಒರೆಸಿಕೊಂಡ. ನಿಜವಾಗಿಯೂ ನಿರಾಳವಾಗಿದ್ದ. ಕರ್ಚೀಫು ಮಡಿಚಿ ಜೇಬಿಗೆ ಹಾಕುವಷ್ಟರಲ್ಲಿ ಉಳಿದದ್ದು ಅವನಿಗೆ ಅರ್ಥವಾಯಿತು. ಮಡಿಚುತ್ತಿದ್ದ ಕೈ ನಿಧಾನವಾಯಿತು. ಹುಡುಗಿಗೆ ನಮಸ್ಕಾರ ಹೇಳಿ ಹೊರಟ. ಅವಳು ಹಿಂದೆಯೇ ನಡೆದಳು.

ಆಮೇಲೆ ಅವಳು ನಿಲ್ಲಿಸಿದ್ದನ್ನೆಲ್ಲ ಮತ್ತೆ ಶುರುಮಾಡಿದಳು. ಅವನು ಯಾವುದನ್ನೂ ಬೇಡವೆನ್ನಲಿಲ್ಲ. ಮನೆಯಲ್ಲಿ ಜಗಳವಿಲ್ಲ, ಮಾತೂ ಬೇಕಾದಷ್ಟಿತ್ತು. ಹೊರಗಿನವರು ನೋಡಿದರೆ ಮೊದಲಿನ ಹಾಗೇ ಇದ್ದಾರೆ ಎನ್ನುತ್ತಿದ್ದರು. ಪುಸ್ತಕ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಇಷ್ಟು ದಿನ ಓದಿದ್ದಕ್ಕೆ ಬದಲಾಗಿ ತಾನೂ ಒಂದು ಒಳ್ಳೆಯ ಮಾತನ್ನು, ಬರೆದಲ್ಲ, ಬಾಯಿಬಿಟ್ಟು ಹೇಳಬೇಕು ಎಂದು ಅವಳಿಗೆ ಆಸೆಯಾಯಿತು. ಅಂಥ ಮಾತಿನ ಅಭ್ಯಾಸವಿಲ್ಲದ ನಾಲಗೆ ವಾರಗಟ್ಟಲೆ ಹುಡುಕಿತು.

ಒಂದು ಭಾನುವಾರ ಮಗಳ ಮನೆಗೆ ಹೊರಟಿದ್ದರು. ಅವನು ಕನ್ನಡಿಯ ಮುಂದೆ ನಿಂತು ತಿಳಿನೀಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಬೆಳಿಗ್ಗೆಯಿಂದ ಒಳಗೊಳಗೇ ಅಭ್ಯಾಸ ಮಾಡಿಕೊಂಡಿದ್ದ ಅವಳು ಒಳ್ಳೆಯ ಕಿವಿಯ ಕಡೆ ಬಂದು ನಿಂತಳು.

‘ಈ ಬಣ್ಣ ನಿಮಗೆ ತುಂಬ ಚೆನ್ನಾಗಿ ಒಪ್ಪುತ್ತೆ ರೀ.’

ಅವನ ಕೈ ಗುಂಡಿಯ ಮೇಲೇ ನಿಂತಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದ. ಆಮೇಲೆ ತಲೆ ಬಗ್ಗಿಸಿ ಎದೆ ನೋಡಿಕೊಂಡ, ತೋಳು ತಿರುಗಿಸಿ ನೋಡಿಕೊಂಡ, ಕಾಲರನ್ನು ಬೆರಳಿನಿಂದ ಸವರಿ ನೋಡಿಕೊಂಡ.

‘ಯಾಕೆ? ಏನಾದ್ರೂ ಆಗಿದ್ಯಾ?’

‘ಅಯ್ಯೋ ಏನಿಲ್ಲ ರೀ. ನಿಜವಾಗ್ಲೂ ಚೆನ್ನಾಗಿದೆ, ಅದಕ್ಕೇ ಅಂದೆ.’

‘ಹೂಂ’ ಎಂದ ಅವನು. ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಆ ಶರ್ಟು ಕಳಚಿಟ್ಟು ಬೇರೆ ಶರ್ಟು ತೊಟ್ಟುಕೊಂಡ.