ಒಂದು ಬಾಗಿಲು, ಎರಡು ಒಲೆ

ಮಾಂಬಳ್ಳಿಯ ನಮ್ಮ ಮನೆಗೆ ಬಾಗಿಲು ಒಂದೇ, ಒಲೆ ಎರಡು. ಅಪ್ಪ, ಚಿಕ್ಕಪ್ಪ ಭಾಗವಾದ ವರ್ಷ ಅಡುಗೆಮನೆಯ ನಡುವೆ ಎದೆಯೆತ್ತರದ ಗೋಡೆ ಎದ್ದಿತು. ಈಚೆ ಅವ್ವ, ಆಚೆ ಚಿಕ್ಕವ್ವ. ಒಗ್ಗರಣೆಯ ಘಾಟಿಗೆ ಇಬ್ಬರೂ ಒಟ್ಟಿಗೇ ಕೆಮ್ಮುತ್ತಾರೆ, ಮಾತು ಮಾತ್ರ ಕಡಿಮೆ. ಹೊರಗಿನವರಿಗೆ ಇದನ್ನು ಹೇಳುವಂತಿಲ್ಲ. ಬೀದಿಯವರ ಕಣ್ಣಿಗೆ ನಾವು ಈಗಲೂ ಕೂಡುಕುಟುಂಬ, ಆ ನಾಟಕದಲ್ಲಿ ನನ್ನದೂ ಒಂದು ಪಾತ್ರ.

ನಾನು ಕೊಳ್ಳೇಗಾಲದ ಒಂದು ಚಾಕಿ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ರೇಷ್ಮೆ ಮರಿಹುಳುಗಳನ್ನು ಎರಡು ಸಲ ಪೊರೆ ಕಳಚುವವರೆಗೆ ಸಾಕಿ, ಆಮೇಲೆ ರೈತರ ಮನೆಗಳಿಗೆ ವ್ಯಾನಿನಲ್ಲಿ ಕಳಿಸುವ ಜಾಗ ಅದು. ಯಾರ ಮನೆಗೆ ಎಷ್ಟು ಹುಳು ಎಂಬ ಪಟ್ಟಿ ನನ್ನ ಡೇಟಾಬೇಸಿನಿಂದ ಬರುತ್ತದೆ. ನಾನು ಬರೆದ ನಿಯಮ ಸರಳವಾಗಿತ್ತು: ಊರು ಮತ್ತು ಮನೆ ನಂಬರು ಹೊಸದಾದರೆ ಒಂದು ಸಾಲು ಸೇರಿಸು. ಮೊದಲೇ ಇದ್ದರೆ ಆ ಸಾಲನ್ನೇ ತಿದ್ದು.

ಪ್ರತಿ ಸಾಲಿನಲ್ಲೂ ಆ ಮನೆಯವರ ಹಿಪ್ಪುನೇರಳೆ ತೋಟಗಳ ಪಟ್ಟಿ ಇರುತ್ತಿತ್ತು. ಕೆರೆ ಕೆಳಗಿನದು, ಕಾಲುವೆ ಪಕ್ಕದ್ದು, ಗುಡಿ ಹಿಂದಿನದು ಎಂದು ಒಬ್ಬರು ಬರೆದರೆ, ಮುಂದಿನ ಸಲ ಅದೇ ಮನೆಯವರು ಗುಡಿಯಿಂದ ಶುರುಮಾಡುತ್ತಿದ್ದರು. ಯಂತ್ರಕ್ಕೆ ಇವೆರಡೂ ಬೇರೆ ಬೇರೆ ಪಟ್ಟಿ. ಎರಡನ್ನೂ ಒಂದೇ ಕ್ರಮಕ್ಕೆ ಜೋಡಿಸಿ ಹೋಲಿಸಬೇಕು, ನಿಜವಾಗಿ ಬದಲಾಗಿದ್ದರೆ ಮಾತ್ರ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ಇಷ್ಟಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ಸರಿಹೋದಾಗ ಕ್ಯಾಂಟೀನಿನಲ್ಲಿ ಎಲ್ಲರಿಗೂ ಬೋಂಡ ಕೊಡಿಸಿದೆ. ಈಗ ಆ ಬೋಂಡ ನೆನೆದರೂ ಮುಖ ಬಿಸಿಯಾಗುತ್ತದೆ.

ಹನೂರು ಕಡೆಯ ಹಳ್ಳಿಗಳನ್ನು ಸುತ್ತಿ ಹುಳು ಬೇಕಾದವರ ಅರ್ಜಿ ತರುವ ಅಕ್ಕ ಒಬ್ಬರಿದ್ದರು. ನನ್ನ ನಿಯಮ ಕೇಳಿದವರೇ ಸುಮ್ಮನಿರಲಿಲ್ಲ.

"ಒಂದೇ ಬಾಗ್ಲು, ಎರ್ಡು ಒಲೆ ಇರೋ ಮನೆಗೆ ಏನ್ ಮಾಡ್ತೀರಿ ಸಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ನಿಮ್ಮ ಮನೆಯಲ್ಲಿ ಹೇಗೆ ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಭಯಕ್ಕೆ, ಅಂಥ ಮನೆ ಎಲ್ಲೋ ಒಂದೆರಡು ಇರಬಹುದು, ಅದಕ್ಕೆಲ್ಲ ನಿಯಮ ಬೇಡ ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಮುಂದಿನ ಸರದಿಯ ಹುಳುಗಳಿಗೆ ಚಿಕ್ಕವ್ವ ಮೊದಲು ಅರ್ಜಿ ಕೊಟ್ಟಿದ್ದಳು, ಎರಡು ದಿನ ಬಿಟ್ಟು ಅವ್ವ ಕೊಟ್ಟಳು. ಮನೆ ನಂಬರು ಒಂದೇ. ತೋಟಗಳು ಬೇರೆಯಾದ್ದರಿಂದ ನನ್ನ ಜಾಣ ಹೋಲಿಕೆ ಬದಲಾವಣೆಯನ್ನು ಸರಿಯಾಗಿಯೇ ಹಿಡಿಯಿತು. ಚಿಕ್ಕವ್ವನ ಹೆಸರು, ತೋಟ ಎಲ್ಲ ಅಳಿಸಿ ಅಲ್ಲಿ ಅವ್ವನದನ್ನು ಬರೆಯಿತು.

ವ್ಯಾನು ಬಂದದ್ದು ಭಾನುವಾರ ಬೆಳಿಗ್ಗೆ, ನಾನು ಜಗುಲಿಯಲ್ಲೇ ಇದ್ದೆ. ಚಿಕ್ಕವ್ವ ಹುಳುಮನೆಗೆ ಸುಣ್ಣ ಬಳಿದು, ಕೊಯ್ದ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ ಕಾಯುತ್ತಿದ್ದಳು. ಅವ್ವನ ಹೆಸರಿಗೆ ಹುಳುವಿನ ಟ್ರೇ ಇಳಿದವು, ಅಲ್ಲಿಗೆ ಮುಗಿಯಿತು. ಚಿಕ್ಕವ್ವನ ಮುಖ ಸಪ್ಪಗಾದದ್ದು ಡ್ರೈವರಿಗೂ ಕಂಡಿರಬೇಕು. ವ್ಯಾನಿನಲ್ಲಿ ನಾಲ್ಕು ಟ್ರೇ ಹೆಚ್ಚಿಗೆ ಇವೆ, ಈ ಮನೆಯಲ್ಲಿ ಬೇರೆ ಸಂಸಾರ ಇದ್ದರೆ ಇಳಿಸುತ್ತೇನೆ ಎಂದ. ನನ್ನ ಕಡೆ ತಿರುಗಿ, ಪಟ್ಟಿ ಮಾಡಿದ ಸಾಹೇಬರ ಮನೆಯದೇ ತಪ್ಪಿದೆಯಾ ಎಂದು ನಕ್ಕ. ಅಕ್ಕಪಕ್ಕದವರು ನಿಂತು ನೋಡುತ್ತಿದ್ದರು. ಹೌದು ಎನ್ನಲು ನನಗೆ ಒಂದೇ ಮಾತು ಸಾಕಿತ್ತು. ನನ್ನ ಬಾಯಿಂದ ಅದು ಹೊರಡಲಿಲ್ಲ.

ಚಿಕ್ಕವ್ವ ನನ್ನನ್ನೊಮ್ಮೆ ನೋಡಿದಳು.

"ಇಲ್ಲ ಕಣಪ್ಪ," ಎಂದಳು ಡ್ರೈವರಿಗೆ. "ನಮ್ದು ಒಂದೇ ಮನೆ."

ವ್ಯಾನು ಹೋಯಿತು. ಕೊಯ್ದ ಸೊಪ್ಪನ್ನು ಅವಳು ಹಸುಗಳ ಮುಂದೆ ಸುರಿದಳು. ತೋಟದಲ್ಲಿದ್ದ ಸೊಪ್ಪು ಮುಂದಿನ ಸರದಿಯ ಹೊತ್ತಿಗೆ ಬಲಿತು ಒರಟಾಗಿ, ಒಂದು ಬೆಳೆ ಪೂರ್ತಿ ಕೈತಪ್ಪಿತು. ಗೋಡೆಯಾಚೆಯಿಂದ ಒಂದು ಬೈಗುಳವೂ ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಸೋಮವಾರವೇ ನಿಯಮ ತಿದ್ದಿದೆ. ಊರು, ಮನೆ ನಂಬರಿನ ಜೊತೆಗೆ ಒಲೆಯದೂ ಒಂದು ನಂಬರು ಸೇರಿತು. ಅರ್ಧ ಗಂಟೆಯ ಕೆಲಸ. ಏಕೆ ತಿದ್ದಿದಿರಿ ಎಂದು ಕಚೇರಿಯಲ್ಲಿ ಕೇಳಿದಾಗ, ಹನೂರು ಕಡೆ ಯಾರದೋ ಮನೆಯಲ್ಲಿ ತೊಂದರೆಯಾಯಿತಂತೆ ಎಂದೆ. ಅಷ್ಟೆಲ್ಲ ಆದಮೇಲೂ ನನ್ನ ನಾಲಿಗೆಗೆ ಸಿಕ್ಕಿದ್ದು ಇನ್ನೊಬ್ಬರ ಊರು. ಅರ್ಜಿ ತರುವ ಅಕ್ಕ ಅಲ್ಲೇ ಇದ್ದರು. "ಎಲ್ರ ಮನೆ ದೋಸೆನೂ ತೂತೇ ಸಾ," ಎಂದಷ್ಟೇ ಹೇಳಿ ಫೈಲು ಎತ್ತಿಕೊಂಡು ಹೋದರು.

ಮುಂದಿನ ಸಲ ವ್ಯಾನು ಚಿಕ್ಕವ್ವನ ಹೆಸರನ್ನೂ ಕೂಗಿತು. ಈಗ ಹೇಗೆ ಬಂತು ಎಂದು ಅವಳು ಡ್ರೈವರನ್ನು ಕೇಳಿದಳು. ಹನೂರಿನ ಯಾರದೋ ಮನೆಯಲ್ಲಿ ತಪ್ಪಾಗಿತ್ತಂತೆ, ಅದಕ್ಕೇ ಸಾಹೇಬರು ಎಲ್ಲ ಸರಿಮಾಡಿದರು ಎಂದು ಡ್ರೈವರು ಹೊಗಳಿಯೇ ಹೇಳಿದ. ಅವನು ಹೋದಮೇಲೆ ಚಿಕ್ಕವ್ವ ನನ್ನನ್ನು ಕರೆದು ಟ್ರೇಯ ಒಂದು ತುದಿ ಹಿಡಿಯಲು ಹೇಳಿದಳು. ಹುಳುಮನೆಯೊಳಗೆ ಹೋದಮೇಲೆ ಮೆಲ್ಲಗೆ ಕೇಳಿದಳು:

"ನಾನು ಒಂದೇ ಮನೆ ಅಂದದ್ದು ನಿನ್ನ ಮರ್ವಾದಿಗೆ ಕಣ್ಲಾ. ನೀನು ಅನೂರೋರ ಮನೆ ಅಂದದ್ದು ಯಾರ್ ಮರ್ವಾದಿಗೆ?"

ಇಬ್ಬರೂ ಟ್ರೇ ಇಳಿಸಿದೆವು. ಅವಳು ಸೊಪ್ಪು ಹರಡತೊಡಗಿದಳು.